ಮೂವತ್ತಮೂರು ಸಿಂಹ, ಒಂದು ಎತ್ತು

ಗದಗ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇಷ್ಟು: 'ಶನಿವಾರಗಳಂದು ಮೊಬೈಲಿನಲ್ಲಿ ವಿಡಿಯೊ ನೋಡಿ ಆರನೆಯ ತರಗತಿಯ ಮಕ್ಕಳಿಂದ ಸೃಜನಶೀಲ ಚಟುವಟಿಕೆ ಮಾಡಿಸುತ್ತೇನೆ. ಕಳೆದ ಬಾರಿ ಪೇಪರ್ ಪ್ಲೇಟಿನ ಸಿಂಹ. 34 ಮಕ್ಕಳಲ್ಲಿ 33 ಮಂದಿ ಚೆನ್ನಾಗಿ ಮಾಡಿದರು. ಒಬ್ಬ ಹುಡುಗ ಮಾತ್ರ ಕೋಡು ಅಂಟಿಸಿ ಎತ್ತು ಮಾಡಿಕೊಂಡು ಬಂದ. ತಿದ್ದಿಕೊಂಡು ಬಾ ಎಂದೆ. ಅಂದಿನಿಂದ ಅವನು ಕತ್ತರಿ ಮುಟ್ಟುತ್ತಿಲ್ಲ. ವರ್ಷಕ್ಕಾಗುವಷ್ಟು ಒಳ್ಳೆಯ ಚಟುವಟಿಕೆಗಳ ಪಟ್ಟಿಯನ್ನು ದಯವಿಟ್ಟು ಪ್ರಕಟಿಸಿ.'

ಗುರುಗಳೆ,

ಪಟ್ಟಿ ಕೊಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಗಣಿತದ ಪಾಠ ಹಿಂದುಳಿದಿದೆ ಎಂದು ಚಿತ್ರಕಲೆಯ ಅವಧಿಯನ್ನೇ ನುಂಗಿಹಾಕುವವರ ನಡುವೆ ನೀವು ಶನಿವಾರವನ್ನು ಕತ್ತರಿ, ಅಂಟು, ಬಣ್ಣಗಳಿಗೆ ಬಿಟ್ಟುಕೊಟ್ಟಿದ್ದೀರಿ. ಅದಕ್ಕೆ ನಮಸ್ಕಾರ. ವಿಡಿಯೊ ನೋಡಿ ಮಾಡಿಸುವುದು ಅಪರಾಧವೇನಲ್ಲ. ಎರಡು ಮೂರು ತರಗತಿಗಳನ್ನು ಒಬ್ಬರೇ ನಿಭಾಯಿಸುವವರಿಗೆ ಅದು ಆಸರೆ; ಮಕ್ಕಳ ಬೆರಳಿಗೂ ಅಷ್ಟಿಷ್ಟು ಪಳಗಿಕೆ ಸಿಗುತ್ತದೆ.

ಆದರೆ ಆ ಸಿಂಹವನ್ನು ಸೃಷ್ಟಿಸಿದವರು ಯಾರು? ಎಲ್ಲೋ ಕುಳಿತು ವಿಡಿಯೊ ಮಾಡಿದವರು. ನಿಮ್ಮ 33 ಮಕ್ಕಳು ಮಾಡಿದ್ದು ಬಿಡಿಭಾಗಗಳ ಜೋಡಣೆ. ನೀವು ಕೇಳುವ ಸೃಜನಶೀಲತೆ ನಿಮ್ಮ ಕೋಣೆಯಲ್ಲಿ ಕಾಣಿಸಿಕೊಂಡದ್ದು ಒಂದೇ ಕಡೆ, ಆ ಕೋಡುಗಳಲ್ಲಿ. ಅದನ್ನೇ ನೀವು ತಿದ್ದಿಕೊಂಡು ಬಾ ಎಂದಿರಿ!

ಆ ಕೋಡು ಎಲ್ಲಿಂದ ಬಂತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಮಕ್ಕಳು ಎರೆಮಣ್ಣು ತಂದು, ಕಲಸಿ, ಹದ ಮಾಡಿ ಜೋಡೆತ್ತು ತಿದ್ದುತ್ತಾರೆ, ಮುಂದೊಂದು ಗೋದಲಿ ಮಾಡಿ ಇಡುತ್ತಾರೆ. ಅದಕ್ಕೆ ವಿಡಿಯೊ ಇಲ್ಲ, ಮಾದರಿ ಇಲ್ಲ, ಅಂಕವೂ ಇಲ್ಲ. ಕಣ್ತುಂಬ ನೋಡಿದ ಎತ್ತು ಇದೆ, ಕೈಯಲ್ಲಿ ಮಣ್ಣಿದೆ, ಅಷ್ಟೆ. ಒಬ್ಬನ ಎತ್ತಿನ ಡುಬ್ಬ ಇನ್ನೊಬ್ಬನದರಂತೆ ಇರುವುದಿಲ್ಲ. ಇದಕ್ಕಿಂತ ದೊಡ್ಡ ಕಲಾ ತರಗತಿಯನ್ನು ಯಾವ ಇಲಾಖೆ ನಡೆಸೀತು? ಈಗ ಎತ್ತುಗಳೂ ಸಂತೆಯಲ್ಲಿ ಬಣ್ಣ ಬಳಿದುಕೊಂಡು ಸಿದ್ಧವಾಗಿ ಕೂತಿರುತ್ತವೆ, ತಂದು ಪೂಜಿಸಿದರಾಯಿತು. ಕುಂಬಾರರ ಹೊಟ್ಟೆ ತುಂಬಲಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳ ಕೈ ಖಾಲಿಯಾದದ್ದಷ್ಟೇ ನನ್ನ ಸಂಕಟ.

1897ರಷ್ಟು ಹಿಂದೆಯೇ ವಿಯೆನ್ನಾದಲ್ಲಿ ಫ್ರಾಂಜ್ ಚಿಜೆಕ್ ಎಂಬಾತ ಮಕ್ಕಳಿಗಾಗಿ ಕಲಾ ತರಗತಿ ತೆರೆದ. ಮಕ್ಕಳು ತಮ್ಮಷ್ಟಕ್ಕೆ ತಾವು ಬೆಳೆಯಲಿ, ಹೊರಗಿನಿಂದ ಏನನ್ನೂ ಹೇರಬಾರದು ಎಂಬುದು ಅವನ ಪಣ. ತಮಾಷೆಯೆಂದರೆ ಅವನ ಮಕ್ಕಳ ಚಿತ್ರಗಳೂ ಒಂದೇ ಬಗೆಯಾಗಿ ಕಾಣುತ್ತವೆ ಎಂದು ವಿಮರ್ಶಕರು ಆಡಿಕೊಂಡರು. ಬಾಯಿ ಮುಚ್ಚಿಕೊಂಡಿದ್ದ ಮೇಷ್ಟರ ಮುಖಭಾವವನ್ನೂ ಮಕ್ಕಳು ಓದಿಬಿಡುತ್ತಾರೆ! ಹಾಗಿರುವಾಗ ಬಾಯಿಬಿಟ್ಟು 'ತಿದ್ದು' ಎಂದರೆ ಏನಾಗಬಹುದು, ಊಹಿಸಿ.

ನಮ್ಮವರಲ್ಲಿ ನನಗೆ ಹತ್ತಿರದವರು ದೇವಿಪ್ರಸಾದ್. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಬಳಿ ಕಲಿತು, 1944ರಲ್ಲಿ ಸೇವಾಗ್ರಾಮಕ್ಕೆ ಬಂದು, ಕೈಕೆಲಸದ ಮೂಲಕವೇ ಪಾಠ ಕಲಿಸುವ ಗಾಂಧೀಜಿಯ ನಯೀ ತಾಲೀಮ್ ಶಾಲೆಯ ಮಕ್ಕಳಿಗೆ ಚಿತ್ರಕಲೆ ಕಲಿಸಿದವರು. ಸ್ವತಃ ಒಳ್ಳೆಯ ಕುಂಬಾರರು. ನೂಲುವ, ಹೊಲದಲ್ಲಿ ದುಡಿಯುವ ಮಕ್ಕಳಿಗೆ ಚಿತ್ರ ಬಿಡಿಸುವ ಶೋಕಿ ಏಕೆ ಎಂದು ಅವರು ಕೇಳಲಿಲ್ಲ. ಆ ಮಕ್ಕಳ ಚಿತ್ರಗಳನ್ನು ಜೋಪಾನವಾಗಿ ಕೂಡಿಟ್ಟರು. ಮಗು ಬಿಡಿಸಿದ್ದನ್ನು ವರ್ಷಾಂತ್ಯದಲ್ಲಿ ರದ್ದಿಗೆ ಹಾಕುವ ನಮ್ಮ ಶಾಲೆಗಳು ಅವರಿಂದ ಕಲಿಯಬೇಕಾದ ಮೊದಲ ಪಾಠ ಇದು.

ನಕಲು ಮಾಡದೆ ಕೈ ಪಳಗುವುದು ಹೇಗೆ ಎಂದು ನೀವು ಕೇಳಬಹುದು. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಗೋಡೆಗೆ ಬರೆಯುವ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಎಳೆಗಳ ಲೆಕ್ಕ ಕಟ್ಟುನಿಟ್ಟು. ಆದರೆ ಮಗಳು ಅದನ್ನು ಕಲಿಯುವುದು ತಾಯಿಯ ಪಕ್ಕ ಕುಳಿತು ಅರೆಯುತ್ತ, ಕಲಸುತ್ತ, ಗೆರೆ ಎಳೆಯುತ್ತ. ಬಣ್ಣ ಎಲ್ಲಿಂದ ಬಂತು, ಗೆರೆ ಯಾವ ಮದುವೆಗೆ, ಯಾವ ಹಬ್ಬಕ್ಕೆ ಎಂಬುದೆಲ್ಲ ಅವಳಿಗೆ ಗೊತ್ತು. ನಿಮ್ಮ ಮಕ್ಕಳಿಗೆ ಆ ಸಿಂಹದ ಬಗ್ಗೆ ಏನು ಗೊತ್ತಿತ್ತು?

ಆದ್ದರಿಂದ ಪಟ್ಟಿಯ ಬದಲು ಒಂದೇ ಒಂದು ಕೆಲಸ ಹೇಳುತ್ತೇನೆ. ಮುಂದಿನ ಶನಿವಾರ ಮಕ್ಕಳನ್ನು ಮಣ್ಣು ತರಲು ಕಳುಹಿಸಿ. ಹೊಲದ ಎರೆಮಣ್ಣು, ಕಪ್ಪತಗುಡ್ಡದ ಕಡೆಯವರಿದ್ದರೆ ಕೆಮ್ಮಣ್ಣು, ಒಲೆಯ ಇದ್ದಿಲು. ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಜಾಲಿ ಮರದ ಅಂಟು ನೆನೆಸಿದ ನೀರಿನಲ್ಲಿ ಕಲಸಿದರೆ ಹಾಳೆಗೆ ಹಿಡಿಯುವ ಬಣ್ಣ ಸಿದ್ಧ. ಅಂಟು ಕಡಿಮೆಯಾದರೆ ಪುಡಿ ಉದುರುತ್ತದೆ, ಹೆಚ್ಚಾದರೆ ಬಿರುಕು ಬಿಡುತ್ತದೆ. ಹದವನ್ನು ಅವರೇ ಕಂಡುಕೊಳ್ಳಲಿ. ಏನು ಬಿಡಿಸಬೇಕೆಂದು ಮಾತ್ರ ಹೇಳಬೇಡಿ. ಮೊದಲ ವಾರ ಅರ್ಧ ತರಗತಿ ಸುಮ್ಮನೆ ಕೂತಿರುತ್ತದೆ. ಕೂರಲಿ. ಆ ಹುಡುಗನನ್ನು ಕರೆದು, ಕೋಡು ಹೇಗೆ ನಿಲ್ಲಿಸಿದೆ ಎಂದು ಎಲ್ಲರೆದುರು ಕೇಳಿ. ಕ್ಷಮೆಗಿಂತ ಅವನಿಗೆ ಅದು ಹೆಚ್ಚು ಹಿಡಿಸುತ್ತದೆ.

ಪಟ್ಟಣದ ಕಥೆ ಇನ್ನೂ ಕೆಟ್ಟದ್ದು. ನಮ್ಮ ಬಡಾವಣೆಯ ಸ್ಟೇಷನರಿ ಅಂಗಡಿಯವರಿಗೆ 'ಐದನೆಯ ತರಗತಿ' ಎಂದರೆ ಸಾಕು, ಥರ್ಮಾಕೋಲ್, ಹೊಳಪಿನ ಕಾಗದ, ಮಿಂಚಿನ ಪುಡಿ ತಾವಾಗಿಯೇ ಕೆಳಗಿಳಿಯುತ್ತವೆ. ರಾತ್ರಿ ಹತ್ತಕ್ಕೆ ಅಲ್ಲಿ ಸಾಲು ನಿಂತವರಲ್ಲಿ ಮಕ್ಕಳೊಬ್ಬರೂ ಇರುವುದಿಲ್ಲ, ಎಲ್ಲ ಅಪ್ಪ ಅಮ್ಮಂದಿರೇ. ಬೆಳಗ್ಗೆ ಅಪ್ಪನ ಕೈಕೆಲಸಕ್ಕೆ ಮಗನಿಗೆ ಅಂಕ.

ನಿಮ್ಮೊಬ್ಬರನ್ನೇ ಗದರಿಸಿ ಪ್ರಯೋಜನವಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ನೂರು ದಾಟದ ಹಳ್ಳಿ ಶಾಲೆಗೆ ಅದೂ ಇಲ್ಲ. ದಾಟಿದ ಕಡೆ ಎಷ್ಟು ಮಂದಿ ಆ ಬೋಧಕರನ್ನು ಕಣ್ಣಾರೆ ಕಂಡಿದ್ದೀರಿ? ವರ್ಷಕ್ಕೊಮ್ಮೆ ಪ್ರತಿಭಾ ಕಾರಂಜಿಯಲ್ಲಿ ಚಿತ್ರ ಬಿಡಿಸಿ ಗೆದ್ದ ಮಗುವಿಗೆ ಪ್ರಮಾಣಪತ್ರ ಕೊಡುತ್ತೇವೆ. ಉಳಿದ ದಿನಗಳಲ್ಲಿ ಬಿಡಿಸಲು ಹಾಳೆ ಕೊಡುವುದಿಲ್ಲ. ನಿಮ್ಮ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕಾಂಪೌಂಡ್ ಗೋಡೆಯ ಚರ್ಚೆ ಮುಗಿದ ಮೇಲೆ ಈ ಅನುಸೂಚಿಯನ್ನು ಓದಿ ಹೇಳಿ. ಶಾಲೆಯಲ್ಲಿ ನೂರು ದಾಟಿದ್ದರೆ ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಕಳುಹಿಸಿ.

ಮಣ್ಣಿನ ಬಣ್ಣದ ಚಿತ್ರಗಳನ್ನು ನಮಗೆ ಅಂಚೆಯಲ್ಲಿ ಕಳುಹಿಸಿ, ಎರಡು ಪುಟ ಮೀಸಲಿಡುತ್ತೇವೆ. ನೀವು ತಿದ್ದಿದ ಗೆರೆ ಕಂಡುಬಂದರೆ ಅಂಥವನ್ನು ವಾಪಸು ಕಳುಹಿಸುತ್ತೇವೆ.

— ಸಂಪಾದಕ