ಗೇಮ್ ಪ್ರಶ್ನೋತ್ತರ: ಮುಖಗಳು ಹಳೆಯವು, ಲೋಕ ಹೊಸದೆ?

ಪ್ರಶ್ನೆ: ಜೆಲ್ಡಾ ಸರಣಿಯ ‘ಮಜೋರಾಸ್ ಮಾಸ್ಕ್’ ಆಟವು ‘ಒಕರಿನಾ ಆಫ್ ಟೈಮ್’ನ ಮುಂದುವರಿಕೆ. ಎರಡರಲ್ಲೂ ಅವೇ ಮುಖಗಳಿವೆ. ಹೀಗಿರುವಾಗ ಇದರ ಲೋಕ ಬೇರೆ ಎನ್ನಬಹುದೆ? ಮೊದಲನೆಯದನ್ನು ಆಡದೆ ಇದನ್ನು ಆಡಬಹುದೆ?
– ಓದುಗರು, ದಾವಣಗೆರೆ

ಉತ್ತರ: ಧಾರಾಳವಾಗಿ ಆಡಿ. 1998ರ ಆಟದ ನಂತರ ಹೊಸದನ್ನು ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಮಾಡಿ ಮುಗಿಸುವ ಗುರಿಯಿತ್ತು. ಹಾಗಾಗಿ ನಿರ್ದೇಶಕ ಐಜಿ ಅಒನುಮಾ ಅವರ ತಂಡ ಹಳೆಯ ಪಾತ್ರಗಳ ಮಾಡೆಲ್‌ಗಳನ್ನೇ ಬಳಸಿಕೊಂಡಿತು. ಹಿಂದಿನ ಆಟದ ನಾಡಾದ ಹೈರೂಲ್‌ನಲ್ಲಿ ಕೋಳಿ ನೋಡಿಕೊಳ್ಳುತ್ತಿದ್ದವಳ ಮುಖ ಇಲ್ಲಿ ಅಂಜುವಿನದು. ವಸತಿಗೃಹದಲ್ಲಿ ಕೆಲಸ ಮಾಡುವ ಅಂಜು, ಮದುವೆ ಗೊತ್ತಾಗಿದ್ದ ವರ ಕಾಫೆ ನಾಪತ್ತೆಯಾದ್ದರಿಂದ ಕಂಗಾಲಾಗಿದ್ದಾಳೆ. ಆ ಮುಖವನ್ನು ನೀವು ಹಿಂದೆ ನೋಡಿರದಿದ್ದರೂ ಅವಳ ಕಥೆ ಅಷ್ಟೇ ತಟ್ಟುತ್ತದೆ.

ಲೋಕವನ್ನು ಬೇರೆ ಮಾಡುವುದು ಅದರ ಕಟ್ಟಳೆ. ಈ ಆಟದ ನಾಡಾದ ಟರ್ಮಿನಾದಲ್ಲಿ ಮೂರು ದಿನ ಕಳೆದರೆ ಚಂದ್ರ ಕಳಚಿ ಬೀಳುತ್ತಾನೆ. ಆಟದ ಒಂದು ಗಂಟೆ ನಮ್ಮ 45 ಸೆಕೆಂಡು. 72 ಗಂಟೆಗೆ 54 ನಿಮಿಷ. ಅಲ್ಲಿನ ಊರು ಕ್ಲಾಕ್ ಟೌನಿನ ಪ್ರತಿಯೊಬ್ಬರ ದಿನಚರಿಯೂ ಈ ಗಡುವಿಗೆ ಕಟ್ಟುಬಿದ್ದಿದೆ. ಪೋಸ್ಟ್‌ಮ್ಯಾನ್ ಗಳಿಗೆ ತಪ್ಪದೆ ಓಡುತ್ತಾನೆ, ಬಡಗಿಗಳು ಹಬ್ಬದ ಗೋಪುರ ಕಟ್ಟುತ್ತಾರೆ, ಕೊನೆಯ ರಾತ್ರಿಯ ಹೊತ್ತಿಗೆ ಊರು ಬಹುಪಾಲು ಖಾಲಿ. ಹಿಂದಿನ ಆಟದಲ್ಲಿ ಹೆಚ್ಚಿನವರು ನೀವು ಬರುವವರೆಗೆ ನಿಂತಲ್ಲೇ ನಿಂತಿರುತ್ತಾರೆ. ಎಷ್ಟೇ ಹೊಸ ನಕ್ಷೆ ಬರೆದರೂ ಈ ವ್ಯತ್ಯಾಸ ಬರುತ್ತಿರಲಿಲ್ಲ.

ಹಳೆಯದಕ್ಕೆ ಆತುಕೊಂಡಿರುವ ಜಾಗಗಳು ಮುಖ್ಯವಾಗಿ ಎರಡು: ಕಥಾನಾಯಕ ಲಿಂಕ್ ಅಗಲಿದ ಗೆಳತಿಯೊಬ್ಬಳನ್ನು ಹುಡುಕಿ ಹೊರಟಿರುವ ಆರಂಭ, ಒಕರಿನಾ (ಕೊಳಲಿನಂಥ ಊದುವ ವಾದ್ಯ) ಮರಳಿ ಸಿಕ್ಕಾಗ ಬರುವ ರಾಜಕುಮಾರಿ ಜೆಲ್ಡಾಳ ನೆನಪು. ಬೇಕಾದಷ್ಟನ್ನು ಆಟವೇ ಹೇಳಿಬಿಡುತ್ತದೆ.

ಪ್ರಶ್ನೆ: ‘ಮಜೋರಾಸ್ ಮಾಸ್ಕ್’ನಲ್ಲಿ ದೇವಾಲಯ ಮುಗಿಯುವ ಮೊದಲೇ ಮೂರು ದಿನ ಮುಗಿದುಹೋಗುತ್ತದೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ಒಕರಿನಾದಲ್ಲಿ ‘ಸಾಂಗ್ ಆಫ್ ಟೈಮ್’ ರಾಗ ನುಡಿಸಿ ಮೊದಲ ದಿನದ ಬೆಳಗಿಗೆ ಮರಳಿದ ಕೂಡಲೇ ಅದೇ ರಾಗವನ್ನು ತಿರುಗುಮುರುಗಾಗಿ ನುಡಿಸಿ. ನಿಂಟೆಂಡೊ 64ರ ಬಟನ್‌ಗಳಲ್ಲಿ: ಸಿ-ಕೆಳಗೆ, ಎ, ಸಿ-ಬಲ, ಇದನ್ನೇ ಇನ್ನೊಮ್ಮೆ. ಗಡಿಯಾರ ನಿಧಾನವಾಗುತ್ತದೆ. ಮೊದಲ ದಿನಕ್ಕೆ ಮರಳಿದಾಗ ವೇಗ ಯಥಾಸ್ಥಿತಿಗೆ ಬರುವುದರಿಂದ ಪ್ರತಿ ಸುತ್ತಿನಲ್ಲೂ ಹೊಸದಾಗಿ ನುಡಿಸಬೇಕು. ಬಹಳ ಜನ ಎಡವುವುದು ಇಲ್ಲೇ.

ಹೊರಡುವ ಮುನ್ನ ಕೈಯಲ್ಲಿರುವ ರುಪಿಗಳನ್ನು (ಆಟದ ಹಣ) ಕ್ಲಾಕ್ ಟೌನಿನ ಪಶ್ಚಿಮ ಭಾಗದ ಬ್ಯಾಂಕಿನಲ್ಲಿಡಿ. ಜೇಬಿನಲ್ಲಿದ್ದದ್ದು, ಬಾಣ, ಬಾಂಬು ಎಲ್ಲ ಸುತ್ತಿನ ಕೊನೆಗೆ ಸೊನ್ನೆಯಾಗುತ್ತವೆ. ದೇವಾಲಯದ ಚಿಕ್ಕ ಕೀಲಿಗಳು, ಅಲ್ಲಿ ಕೂಡಿಸಿದ ಯಕ್ಷಿಣಿಗಳು ಕೂಡ ಉಳಿಯುವುದಿಲ್ಲ. ಆದರೆ ಬಿಲ್ಲು, ಮುಖವಾಡ, ಕಲಿತ ರಾಗ, ಎಚ್ಚರಿಸಿದ ಗೂಬೆ ಪ್ರತಿಮೆ ನಿಮ್ಮವೇ. ಆದ್ದರಿಂದ ಒಂದು ಸುತ್ತಿನಲ್ಲಿ ದೇವಾಲಯದ ಬಾಗಿಲ ಬಳಿಯ ಗೂಬೆಯವರೆಗೆ ಮಾತ್ರ ಹೋಗಿ. ಮುಂದಿನ ಸುತ್ತಿನಲ್ಲಿ ‘ಸಾಂಗ್ ಆಫ್ ಸೋರಿಂಗ್’ ನುಡಿಸಿ ನೇರ ಅಲ್ಲಿಗೇ ಹಾರಿ, ಪೂರ್ತಿ ಮೂರು ದಿನವನ್ನೂ ಒಳಗೇ ಖರ್ಚು ಮಾಡಿ.

ಪ್ರಶ್ನೆ: ‘ಟಿಯರ್ಸ್ ಆಫ್ ದ ಕಿಂಗ್‌ಡಮ್’ (2023) ಹಾಗೆ ನೇರವಾಗಿ ಆಡಬಹುದೆ?
– ಓದುಗರು, ಮಂಗಳೂರು

ಉತ್ತರ: ಆಡಬಹುದು, ಆದರೆ ಬೇಡ ಎನ್ನುತ್ತೇವೆ. ಮೇಲೆ ಆಕಾಶದ್ವೀಪಗಳು, ಕೆಳಗೆ ಕತ್ತಲ ಪಾತಾಳ ಹೊಸವು. ನಡುವಿನ ನೆಲ 2017ರ ‘ಬ್ರೆತ್ ಆಫ್ ದ ವೈಲ್ಡ್’ನದೇ ಹೈರೂಲ್. ಹಿಂದೆ ನೋಡಿದ ಊರುಗಳು ಈಗ ಏನಾಗಿವೆ ಎಂದು ಹೋಗಿ ನೋಡುವುದೇ ಇಲ್ಲಿನ ದೊಡ್ಡ ಸುಖ. 2017ರದನ್ನು ಮೊದಲು ಮುಗಿಸಿ.