ಕಾಸರಗೋಡಿನಲ್ಲಿ ಮನೆ ತೆರಿಗೆ ಏರುತ್ತಿರುವುದು ಸರಕಾರಿ ನೌಕರರ ಸಂಬಳಕ್ಕಾಗಿಯೇ?

ಮಂಜೇಶ್ವರದ ಬಳಿ ಮಾವನ ಮನೆಯ ಕಟ್ಟಡ ತೆರಿಗೆ ಕಟ್ಟಲು ಹೋದರೆ ಹೋದ ವರ್ಷಕ್ಕಿಂತ ಹೆಚ್ಚು ಕೇಳಿದರು, ಇದು ನೌಕರರ ಸಂಬಳ ಸಾಕುವುದಕ್ಕೇ ಇರಬೇಕು ಎಂದು ಬರೆದಿದ್ದೀರಿ. ನಮ್ಮೂರಿನ ಹೋಟೆಲಿನಲ್ಲೂ ದಿನಾ ಕೇಳುವ ಮಾತಿದು. ಆದರೆ ಲೆಕ್ಕ ಹಾಗಿಲ್ಲ.

ಏರಿಕೆಯ ಕಾರಣ ಸರಳ. ಕೇರಳದಲ್ಲಿ 2023ರ ಏಪ್ರಿಲಿನಿಂದ ಕಟ್ಟಡ ತೆರಿಗೆ ವರ್ಷಕ್ಕೆ ಶೇಕಡಾ 5ರಂತೆ ಏರುತ್ತದೆ. ಅದರ ಮೇಲೆ ಗ್ರಂಥಾಲಯ ಸೆಸ್ ಬೇರೆ. ಅಷ್ಟೆಲ್ಲ ಸೇರಿಯೂ ನಮ್ಮ ಹಂಚಿನ ಮನೆಗೆ ವರ್ಷಕ್ಕೆ ಸಾವಿರ ರೂಪಾಯಿ ದಾಟುವುದಿಲ್ಲ. ನೋಟೀಸು ಮಾತ್ರ ಮಲಯಾಳದಲ್ಲಿ ಬರುತ್ತದೆ. ಅಮ್ಮ ಅದನ್ನು ಪಕ್ಕದ ಮನೆಯ ಹುಡುಗಿಯಿಂದ ಓದಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ದೂರಬೇಕಾದದ್ದು ಅದನ್ನು.

ನಿಮ್ಮ ಕಣ್ಣಿಗೆ ಬೀಳುವ ಸರಕಾರಿ ನೌಕರರಲ್ಲಿ ಹೆಚ್ಚಿನವರು ಶಾಲೆಯ ಅಧ್ಯಾಪಕರು, ಆರೋಗ್ಯ ಕೇಂದ್ರದವರು, ವಿಲೇಜ್ ಆಫೀಸಿನವರು. ಅವರ ಸಂಬಳ ರಾಜ್ಯ ಸರಕಾರದ ಖಜಾನೆಯಿಂದ ಬರುತ್ತದೆ, ಪಂಚಾಯತಿಗೆ ಹೋಗುವ ನಿಮ್ಮ ಮಾವನ ಕಟ್ಟಡ ತೆರಿಗೆಯಿಂದಲ್ಲ. ಇನ್ನೊಂದು ಸಂಗತಿ ಕರ್ನಾಟಕದವರಿಗೆ ಹೊಸದಾಗಿ ಕಾಣಬಹುದು: ಅಲ್ಲಿ ವೃತ್ತಿ ತೆರಿಗೆ ರಾಜ್ಯಕ್ಕೆ ಹೋಗುತ್ತದೆ, ಇಲ್ಲಿ ಸ್ಥಳೀಯ ಸಂಸ್ಥೆಗೆ. ನನ್ನ ಹೆಂಡತಿ ಇದೇ ಪಂಚಾಯತಿನ ಶಾಲೆಯಲ್ಲಿ ಟೀಚರ್. ಆಗಸ್ಟಿನಲ್ಲಿ 1,250, ಫೆಬ್ರವರಿಯಲ್ಲಿ 1,250 ರೂಪಾಯಿ ಅವಳ ಸಂಬಳದಿಂದ ಮುರಿದು ಪಂಚಾಯತಿಗೆ ಹೋಗುತ್ತದೆ. ಸಂವಿಧಾನವೇ ವೃತ್ತಿ ತೆರಿಗೆಗೆ ವರ್ಷಕ್ಕೆ 2,500ರ ಮಿತಿ ಹಾಕಿರುವುದರಿಂದ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಅಂದರೆ ನಮ್ಮ ಇಡೀ ಮನೆ ಕೊಡುವುದಕ್ಕಿಂತ ಹೆಚ್ಚನ್ನು ಅವಳೊಬ್ಬಳೇ ಕೊಡುತ್ತಾಳೆ. ಹೆಂಡತಿಯ ಪರ ವಾದ ಎನ್ನಿ, ಪರವಾಗಿಲ್ಲ.

ರಾಜ್ಯದ ಬಜೆಟಿನಲ್ಲಿ ಸಂಬಳ, ಪಿಂಚಣಿ, ಬಡ್ಡಿ ಈ ಮೂರಕ್ಕೇ ದೊಡ್ಡ ಪಾಲು ಹೋಗುತ್ತದೆ ಎಂಬುದು ಸುಳ್ಳಲ್ಲ. ಆದರೆ ನೌಕರರೆಂದರೆ ಎಲ್ಲರೂ ಒಂದೇ ಅಲ್ಲ. 2021ರ ವೇತನ ಪರಿಷ್ಕರಣೆಯಲ್ಲಿ ಕನಿಷ್ಠ ಮೂಲವೇತನ 23,000 ರೂಪಾಯಿ ಆಯಿತು. 2025ರ ಫೆಬ್ರವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಮುಷ್ಕರ ಕುಳಿತಾಗ ಅವರ ತಿಂಗಳ ಗೌರವಧನ 7,000, ಕೇಳಿದ್ದು 21,000. ಗೌರವಧನ ಎಂಬ ಹೆಸರಿನಲ್ಲೇ ಮೋಸವಿದೆ, ಸಂಬಳ ಎಂದರೆ ಪಿಂಚಣಿಯ ಮಾತೂ ಬರುತ್ತದಲ್ಲ.

ಮನೆ ಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯ ಹೆಂಗಸರಿಗಂತೂ ಸಂಬಳವೆಂಬುದೇ ಇಲ್ಲ. ತಿಂಗಳಿಗೊಮ್ಮೆ ಇಬ್ಬರು ನಮ್ಮ ಮನೆಗೆ ಬರುತ್ತಾರೆ. ಒಬ್ಬರು ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿಯುತ್ತಾರೆ, ಇನ್ನೊಬ್ಬರು ಹಾಲಿನ ತೊಟ್ಟೆಗಳನ್ನು ಗೋಣಿಗೆ ತುಂಬುತ್ತಾರೆ. ತೊಳೆಯದ ತೊಟ್ಟೆ ಸಿಕ್ಕಿದರೆ ಮುಖ ಸಿಂಡರಿಸಿ ಅಂಗಳದ ನಳ್ಳಿಯಲ್ಲಿ ತಾವೇ ತೊಳೆಯುತ್ತಾರೆ. ಮನೆಗೆ 50 ರೂಪಾಯಿ, ಅದೇ ಅವರ ಕೂಲಿಯ ಮೂಲ. "ನಮ್ಮ ಕಸವನ್ನೂ ಕೊಟ್ಟು ದುಡ್ಡೂ ಕೊಡಬೇಕಾ?" ಎಂದು ಅಮ್ಮ ಮೊದಲು ಜಗಳಕ್ಕೇ ನಿಂತಿದ್ದರು. ಈಗ ಬಂದವರಿಗೆ ಮಜ್ಜಿಗೆ ಕೊಡುತ್ತಾರೆ, ಐವತ್ತರ ನೋಟು ಕೊಡುವಾಗ ಮಾತ್ರ ಇನ್ನೂ ಗೊಣಗುತ್ತಾರೆ.

ನಿಮಗೆ ನಿಜವಾಗಿಯೂ ತಿಳಿಯಬೇಕಿದ್ದರೆ ಮಾವನವರನ್ನು ವಾರ್ಡಿನ ಗ್ರಾಮಸಭೆಗೆ ಕಳುಹಿಸಿ. ಪಂಚಾಯತಿನ ಸ್ವಂತ ವರಮಾನ ಎಷ್ಟು, ದಾರಿದೀಪಕ್ಕೆ ಎಷ್ಟು ಹೋಯಿತು ಎಂದು ಅಲ್ಲಿ ಕೇಳಬಹುದು. ಕೋರಂಗೆ ಮತದಾರರಲ್ಲಿ ಹತ್ತನೇ ಒಂದು ಪಾಲು ಬೇಕು. ನಮ್ಮ ವಾರ್ಡಿನಲ್ಲಿ ಜನ ಬರುತ್ತಾರೆ, ರಿಜಿಸ್ಟರಿಗೆ ಸಹಿ ಹಾಕುತ್ತಾರೆ, ಪಂಚಾಯತಿನಿಂದ ಸಿಗುವ ಆಡು ಕೋಳಿಯ ಅರ್ಜಿ ಫಾರಂ ತೆಗೆದುಕೊಳ್ಳುತ್ತಾರೆ. ಲೆಕ್ಕ ಓದುವ ಹೊತ್ತಿಗೆ ಮುಂದಿನ ಎರಡು ಸಾಲಿನ ಕುರ್ಚಿಗಳಲ್ಲಿ ಮಾತ್ರ ಜನ ಇರುತ್ತಾರೆ.