ಗಂಧೆ ಲೆಕ್ಕ ಇಡಲು ಆ್ಯಪ್: ಕುಮಟಾದವರ ಪ್ರಶ್ನೆಗೆ

ರಾತ್ರಿ ಮೈತುಂಬ ಎದ್ದ ಪಿತ್ತದ ಗಂಧೆ, ಬೆಳಗ್ಗೆ ಕುಮಟಾದಿಂದ ಹುಬ್ಬಳ್ಳಿ ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಮಾಯ, ಆ್ಯಪ್‌ನಿಂದ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ಶಿರಸಿಯಲ್ಲಿರುವ ನನಗೂ ಇದೇ ಕಾಯಿಲೆ.

ಕ್ರೂಸ್ ಅನ್ನುವ ಆ್ಯಪ್ ಇದಕ್ಕೆಂದೇ ಮಾಡಿದ್ದು. ದಿನವೂ ಬರೆಯಬೇಕಾದ್ದು ಮುಖ್ಯವಾಗಿ ಎರಡು: ಎಷ್ಟು ಗಂಧೆ ಎದ್ದವು, ತುರಿಕೆ ಎಷ್ಟಿತ್ತು. ಎರಡಕ್ಕೂ 0ರಿಂದ 3 ಅಂಕ. ಗಂಧೆ 20ರೊಳಗಿದ್ದರೆ 1, 50ರವರೆಗೆ 2, ಮೀರಿದರೆ 3. ವಾರದ ಒಟ್ಟು ಗರಿಷ್ಠ 42. ಡೋಸ್ ಏರಿಸಬೇಕೋ ಬೇಡವೋ ಅಂತ ನಿರ್ಧರಿಸಲು ಡಾಕ್ಟರಿಗೆ ಇದು ತುಂಬ ನೆರವಾಗುತ್ತದೆ.

ನನ್ನ ಕೇಳಿದರೆ ಫೋಟೋ ಇನ್ನೂ ಮುಖ್ಯ. ಒಂದು ಗಂಧೆಯ ಸುತ್ತ ಪೆನ್ನಿನಿಂದ ಗೆರೆ ಎಳೆದು ಫೋಟೋ ತೆಗೆಯಿರಿ, ಮರುದಿನ ಅದೇ ಹೊತ್ತಿಗೆ ಇನ್ನೊಂದು. ಮಾಮೂಲಿ ಗಂಧೆ 24 ಗಂಟೆಯೊಳಗೆ ಗುರುತೂ ಉಳಿಯದಂತೆ ಇಳಿಯುತ್ತದೆ. ಅಲ್ಲೇ ನಿಂತು ಕಲೆ ಬಿಟ್ಟರೆ ಬೇರೆ ತಪಾಸಣೆ ಬೇಕಾದೀತು, ತಪ್ಪದೆ ತೋರಿಸಿ.

ಗಂಧೆಗೆ ಅದೇ ಕಾರಣ ಅಂತ ಬಂಗಡೆ ಮೀನು ತಿನ್ನುವುದನ್ನೇ ಬಿಟ್ಟಿದ್ದೀರಂತೆ. ಆರು ವಾರ ದಾಟಿಯೂ ಮತ್ತೆ ಮತ್ತೆ ಏಳುವ ಗಂಧೆಗೆ ಊಟ ಕಾರಣವಾಗುವುದು ಅಪರೂಪ. ಅದರ ಬದಲು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಗೊಂಡ ದಿನ ಗುರುತು ಹಾಕಿ, ಅದರಿಂದ ಕೆಲವರಿಗೆ ಗಂಧೆ ಜೋರಾಗುತ್ತದೆ. ನಾಲಿಗೆ ಊದಿ ಉಸಿರು ಕಟ್ಟಿದರೆ ಮಾತ್ರ ಏನನ್ನೂ ಬರೆಯುತ್ತ ಕೂರಬೇಡಿ, ತಕ್ಷಣ 108ಕ್ಕೆ ಫೋನ್ ಮಾಡಿ.